ಡೀಲೋಸ್‌ನಲ್ಲಿ ಆಚೆ ದಡದ ಮಾತು

ಹಡಗಿನವರು ನಮ್ಮ ಎದೆಗೆ ಹನ್ನೊಂದನೇ ನಂಬರಿನ ಸ್ಟಿಕರ್ ಅಂಟಿಸಿ ಡೀಲೋಸ್ ದ್ವೀಪಕ್ಕೆ ಕಳಿಸಿದ್ದರು. ಗ್ರೀಕರ ಹಳೆಯ ಊರು. ಈಗ ಬರೀ ಮುರಿದ ಕಂಬ, ಮೋಟು ಗೋಡೆ, ಹಲ್ಲಿಗಳು. ಇಂಥದನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ನಾನು ಗೊಣಗುತ್ತಿದ್ದರೆ, ತಂಗಿ ಪ್ರತಿ ಕಲ್ಲಿನ ಪಕ್ಕವೂ ಫೋಟೊ ತೆಗೆಸಿಕೊಳ್ಳುತ್ತಿದ್ದಳು. ಅಮ್ಮ ಹೋಗಿ ವರ್ಷವಾಯಿತು, ಇಬ್ಬರೂ ಒಟ್ಟಿಗೆ ಎಲ್ಲಾದರೂ ಹೋಗೋಣ ಎಂದು ಮೈಸೂರಿನಿಂದ ಹಟ ಹಿಡಿದವಳು ಅವಳೇ.

ಗೈಡಮ್ಮ ಕೊಡೆ ಎತ್ತಿ ನಮ್ಮನ್ನು ನಿಲ್ಲಿಸಿದಳು. ಇದು ದೇವರು ಹುಟ್ಟಿದ ನೆಲ, ಹಾಗಾಗಿ ಇಲ್ಲಿ ಯಾರೂ ಸಾಯುವಂತಿರಲಿಲ್ಲ, ಪ್ರಾಣ ಹೋಗುವಂತಿದ್ದವರನ್ನು ದೋಣಿಯಲ್ಲಿ ಎದುರಿನ ದ್ವೀಪಕ್ಕೆ ಸಾಗಿಸುತ್ತಿದ್ದರು ಎಂದಳು.

ತಂಗಿಗೆ ಉತ್ಸಾಹ ಬಂತು. ನಮ್ಮಕ್ಕ ಇರುವ ಊರು ಇದಕ್ಕೆ ಉಲ್ಟಾ, ಕಾಶಿಗೆ ಜನ ಸಾಯಲಿಕ್ಕೆಂದೇ ಬರುತ್ತಾರೆ, ನಮ್ಮಮ್ಮನಿಗೂ ಆ ಪುಣ್ಯ ಸಿಕ್ಕಿತು ಎಂದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು. ಗುಂಪಿನವರು ನನ್ನ ಕಡೆ ತಿರುಗಿ ತಲೆದೂಗಿದರು. ನಾನು ಎದೆಯ ಸ್ಟಿಕರಿನ ಅಂಚು ಒತ್ತಿ ಅಂಟಿಸಿಕೊಂಡೆ.

ಅಮ್ಮ ಕಾಶಿಗೆ ಬಂದದ್ದು ನನ್ನ ಜೊತೆ ಇರಲಿಕ್ಕಲ್ಲ, ಸಾಯಲಿಕ್ಕೆ. ಅದನ್ನು ಮುಚ್ಚಿಟ್ಟವಳೂ ಅಲ್ಲ. ನನ್ನ ಕ್ವಾರ್ಟರ್ಸ್ ಬೇಡವೆಂದು ಗಂಗೆಯ ದಡದ ಕೇದಾರ ಘಾಟಿನಲ್ಲಿ ಕೋಣೆ ಹಿಡಿದು, ನಾಲ್ಕು ವರ್ಷ ಊರಿನ ಎಲ್ಲೆ ದಾಟಲಿಲ್ಲ. ಹೊಳೆಯಾಚೆ ರಾಮನಗರದ ಕೋಟೆ ನೋಡಿ ಬರೋಣ ಎಂದರೆ, "ಆಚೆ ದಡಕ್ಕಾ? ಅಲ್ಲಿ ಪ್ರಾಣ ಹೋದ್ರೆ ಮುಕ್ತಿ ಇಲ್ಲ, ಕತ್ತೆಯಾಗಿ ಹುಟ್ಬೇಕು. ನೀನೇ ಹೋಗು" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಒಂದು ಬೆಳಗ್ಗೆ ಅವಳಿಗೆ ಉಸಿರು ಕಟ್ಟಿತು. ನಾನು ಡಾಕ್ಟರು. ಅಂಥ ಹೊತ್ತಲ್ಲಿ ಬೆಡ್ ಹುಡುಕುವುದು ಬಿಟ್ಟು ಬೇರೇನೂ ತೋಚುವುದಿಲ್ಲ. ನಮ್ಮ ಆಸ್ಪತ್ರೆಯೂ ಸೇರಿ ಫೋನ್ ಮಾಡಿದಲ್ಲೆಲ್ಲ ತುಂಬಿತ್ತು. ಖಾಲಿ ವೆಂಟಿಲೇಟರ್ ಇದ್ದದ್ದು ಗಂಗೆಯ ಸೇತುವೆಯಾಚೆಯ ಒಂದು ಆಸ್ಪತ್ರೆಯಲ್ಲಿ. ಹಿಂದುಮುಂದು ನೋಡದೆ ಹೊರಟೆ. ಮಧ್ಯಾಹ್ನ ಅಮ್ಮ ಅಲ್ಲೇ ತೀರಿಕೊಂಡಳು. ತಂಗಿ ವಿಮಾನ ಇಳಿದು ಬರುವಷ್ಟರಲ್ಲಿ ಅಮ್ಮನನ್ನು ಘಾಟಿನ ಕೋಣೆಗೆ ತಂದು ಮಲಗಿಸಿದ್ದೆ. ಇಲ್ಲೇ ಹೋದಳು, ಕೊನೆಗೆ ಬಾಯಿಗೆ ಗಂಗಾಜಲ ಬಿಟ್ಟೆ ಎಂದು ಸುಳ್ಳು ಹೇಳಿದೆ.

ಡೀಲೋಸ್‌ನಿಂದ ಹಡಗಿಗೆ ಮರಳುವ ದೋಣಿಯಲ್ಲಿ, ಅಮ್ಮ ಸತ್ತದ್ದು ಎಲ್ಲಿ ಎಂದು ತಂಗಿಗೆ ಹೇಳಿಬಿಟ್ಟೆ. ಬಯ್ಯುತ್ತಾಳೆ ಅಂದುಕೊಂಡೆ. ಬಯ್ಯಲಿ ಎಂದೇ ಆಸೆಯಿತ್ತು. ಅವಳು ನನ್ನ ಕಡೆ ತಿರುಗಿ, "ಅಮ್ಮಂಗೆ ಗೊತ್ತಾಯ್ತಾ ಅಕ್ಕ?" ಎಂದು ಕೇಳಿದಳು.

ಆಂಬುಲೆನ್ಸು ಸೇತುವೆ ಹತ್ತಿದಾಗ ಅಮ್ಮ ಮಾಸ್ಕ್ ಸರಿಸಿ, "ಗಂಗೆ ದಾಟ್ತಿದ್ದೀವೇನೇ?" ಎಂದಿದ್ದಳು. "ಇಲ್ಲಮ್ಮ, ಕಾಶೀಲೇ ಇದ್ದೀವಿ" ಎಂದಿದ್ದೆ. ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ಇಲ್ಲ ಕಣೇ, ಗೊತ್ತಾಗ್ಲಿಲ್ಲ" ಎಂದೆ ತಂಗಿಗೆ.