ಮಗ್ಗಕ್ಕೆ ಕಟ್ಟಿದ ಪಂಖಾ

ಇಳಕಲ್ಲಿನ ನಮ್ಮ ಮನೆಗೆ ಕಿಟಕಿಯೇ ಇರಲಿಲ್ಲ. ರೇಷ್ಮೆ ಎಳೆಗೆ ಬಿಸಿಗಾಳಿ ತಾಗಿದರೆ ಒಣಗಿ ಪಟ್ಟನೆ ಹರಿಯುತ್ತದೆ. ಹಾಗಾಗಿ ಬೇಸಿಗೆ ಬಂತೆಂದರೆ ನಾವು ನೇಕಾರರು ಬಾಗಿಲನ್ನೂ ಮುಂದೆಳೆದು ಮುಚ್ಚಿ, ಕಾಲು ಇಳಿಬಿಡುವ ಮಗ್ಗದ ಕುಣಿಯ ಸುತ್ತ ನೀರು ಚಿಮುಕಿಸಿ, ಬೆವರಿನಲ್ಲಿ ಮೀಯುತ್ತ ಕೂತು ನೇಯುತ್ತಿದ್ದೆವು. ಸೀರೆ ತಣ್ಣಗಿದ್ದರೆ ಸಾಕು, ನೇಯುವವನು ಬೆಂದರೂ ಚಿಂತೆಯಿಲ್ಲ. ಆ ಮನೆಯೊಳಗೆ ಗಾಳಿ ತರಲು ಹೊರಟ ಮೊದಲ ಮೂರ್ಖ ನಾನು.

ಅವ್ವನಿಗೆ ದಮ್ಮು. ಆ ವರ್ಷ ಹೋಳಿ ಮುಗಿಯುವಷ್ಟರಲ್ಲಿ ಹಾಸಿಗೆ ಹಿಡಿದಿದ್ದಳು. ಅಡುಗೆಮನೆಯಲ್ಲಿ ಮಲಗಿಸಿದರೆ ಹೊಗೆ, ಅಂಗಳದಲ್ಲಿ ಮಲಗಿಸಿದರೆ ಬಿಸಿಲು. ಉಳಿದದ್ದು ಮಗ್ಗದ ಕೋಣೆ. ಹೆಂಡತಿ ಬಾಣಂತನಕ್ಕೆಂದು ಗುಳೇದಗುಡ್ಡದ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ನಾನು ಬೀಸಣಿಗೆ ಹಿಡಿದು ಅವ್ವನ ಪಕ್ಕ ಕೂತರೆ ಮಗ್ಗ ನಿಲ್ಲುತ್ತಿತ್ತು. ಮಗ್ಗ ನಿಂತರೆ ಅವಳು ಏಳುತ್ತಿದ್ದಳು.

"ಮಗ್ಗ ಯಾಕ ನಿಂತತಿ? ಎಳಿ ಹರದಾವೇನು?"

ಹರಿದ ಎಳೆ ಕೂಡಿಸುವುದು ಮದುವೆಯಾಗಿ ಬಂದ ದಿನದಿಂದ ಅವಳ ಕೆಲಸ. ಮಲಗು ಎಂದರೆ ಕೇಳುವ ಹೆಂಗಸಲ್ಲ. ಉಸಿರಿಗೆ ತೇಕುತ್ತ, ಗೋಡೆ ಹಿಡಿದು ಬಂದೇ ಬಿಡುತ್ತಿದ್ದಳು. ಅತ್ತ ದರಿ, ಇತ್ತ ಪುಲಿ.

ಅಷ್ಟರಲ್ಲಿ ಮನೆಯ ಉತಾರ ಪತ್ರದ ಕೆಲಸಕ್ಕೆ ಹುನಗುಂದದ ಕಚೇರಿಗೆ ಹೋಗಬೇಕಾಯಿತು. ಅಲ್ಲಿ ಸಾಹೇಬರ ತಲೆಯ ಮೇಲೆ ತೊಲೆಯಿಂದ ಬಟ್ಟೆಯ ಉದ್ದನೆಯ ಪಂಖಾ ತೂಗುತ್ತಿತ್ತು. ಹೊರಗೆ ಪಡಸಾಲೆಯಲ್ಲಿ ಮಲಗಿದ್ದ ಆಳು ಅದರ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ಅರೆನಿದ್ದೆಯಲ್ಲಿ ಎಳೆಯುತ್ತಿದ್ದ. ನಾನು ಸಾಹೇಬರನ್ನು ಬಿಟ್ಟು ಆ ಕಾಲನ್ನೇ ನೋಡುತ್ತ ನಿಂತೆ. ನನ್ನ ಕಾಲುಗಳೂ ದಿನವಿಡೀ ಕುಣಿಯೊಳಗೆ ಮಣೆ ತುಳಿಯುತ್ತವಲ್ಲ! ಪಂಖಾದ ಹಗ್ಗವನ್ನು ಆ ಮಣೆಗೇ ಕಟ್ಟಿದರೆ ಮಗ್ಗವೂ ನಡೆಯುತ್ತದೆ, ಅವ್ವನಿಗೆ ಗಾಳಿಯೂ ಸಿಗುತ್ತದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಪಕ್ಕದ ಮನೆಯ ಪಿಂಜಾರ ಕಾಕಾ ಹತ್ತಿ ಬಡಿಯುವ ಬಿಲ್ಲನ್ನು ಜಂತಿಗೆ ತೂಗುಹಾಕುವುದರಲ್ಲಿ ಪಳಗಿದವನು. ಅವನನ್ನು ಕರೆದೆ. ಬಿದಿರಿನ ಚೌಕಟ್ಟಿಗೆ ಅವ್ವನ ಹಳೆಯ ಸೀರೆ ಹೊಲಿದೆವು. ಜಂತಿಗೆ ಹಗ್ಗ ಸುತ್ತಿ, ಬಾವಿಯ ಗಡಗಡಿಯನ್ನೇ ತಂದು ಕಟ್ಟಿದೆವು. ಕಾಕಾ ಕೆಲಸ ಮಾಡುತ್ತಲೇ ಗೊಣಗಿದ.

"ನಾ ಹತ್ತಿ ಬಡಿಯೂ ಮುಂದ ಬಾಗಿಲ ಹಾಕ್ಕೋತೇನಿ, ನೀನೂ ನೇಯೂ ಮುಂದ ಹಾಕ್ಕೋತಿ. ಗಾಳಿ ನಮ್ಮಿಬ್ಬರಿಗೂ ಆಗಾಂಗಿಲ್ಲ. ನೋಡಿ ಮಾಡಪಾ."

"ಪಂಖಾ ಅವ್ವನ ಮ್ಯಾಲೆ ಬೀಸ್ತದ ಕಾಕಾ, ಮಗ್ಗದ ಮ್ಯಾಲೆ ಅಲ್ಲ," ಎಂದೆ. ಗಾಳಿ ನನ್ನ ಮಾತು ಕೇಳುತ್ತದೆ ಎಂಬಂತೆ.

ಮೊದಲ ಅರ್ಧ ತಾಸು ನಾನು ರಾಜ. ಮಣೆ ತುಳಿದಂತೆಲ್ಲ ಪಂಖಾ ತೂಗಿತು, ಅವ್ವನ ಹಣೆಯ ಬೆವರು ಆರಿತು. ದೊಡ್ಡ ಕೆರೆಯ ಬಾದಾಮಿ ಅವಳ ತವರು. "ಕೆರಿ ದಂಡಿ ಮ್ಯಾಲೆ ಮಲಗಿದಂಗ ಆಗತೈತಿ," ಎಂದು ಕಣ್ಣು ಮುಚ್ಚಿದಳು. ಆಮೇಲೆ ಪಟ್ ಎಂದು ಒಂದು ಎಳೆ ಹರಿಯಿತು. ಹಿಂದೆಯೇ ಇನ್ನೊಂದು. ಆ ಚಿಕ್ಕ ಕೋಣೆಯಲ್ಲಿ ಗಾಳಿ ಹಾಸಿಗೆಗೂ ಬಂತು, ಮಗ್ಗಕ್ಕೆ ಉದ್ದಕ್ಕೂ ಬಿಗಿದ ಎಳೆಗಳ ಹಾಸಿಗೂ ಬಂತು. ಎಳೆ ಹರಿದಾಗ ನಾನು ನಿಲ್ಲಬೇಕು, ನಾನು ನಿಂತರೆ ಪಂಖಾ ನಿಲ್ಲುತ್ತದೆ. ಅವ್ವ ಎದ್ದಳು. ಆ ದಿನ ಅವಳು ಹಿಂದೆಂದಿಗಿಂತ ಹೆಚ್ಚು ಸಲ ಎದ್ದಳು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಅವಳನ್ನು ಮಲಗಿಸಲೆಂದು ಕಟ್ಟಿದ ಪಂಖಾದ ಕೆಳಗೆ ಅವಳು ಗಾಳಿಯಿಲ್ಲದೆ ಕೂತು, ತೇಕುತ್ತ, ಎಳೆ ಕೂಡಿಸುತ್ತಿದ್ದಳು. ನಾನು ಕುಣಿಯಲ್ಲಿ ಕಾಲು ಇಳಿಬಿಟ್ಟು ನೋಡುತ್ತ ಕೂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೂರನೆಯ ದಿನ ಅವಳಿಗೆ ಕೂರುವ ಶಕ್ತಿಯೂ ಉಳಿಯಲಿಲ್ಲ. ಆದರೂ ಮಗ್ಗ ನಿಂತರೆ ಮೊಣಕೈ ಊರುತ್ತಿದ್ದಳು. ಆಗ ನಾನೊಂದು ಕಳ್ಳತನಕ್ಕೆ ಇಳಿದೆ. ಎಳೆ ಹರಿಯದಂತೆ ಹಾಸನ್ನು ಪೂರ್ತಿ ಸಡಿಲ ಬಿಟ್ಟೆ. ಲಾಳಿಯಿಂದ ನೂಲು ತೆಗೆದು ಬರಿ ಲಾಳಿಯನ್ನೇ ಅತ್ತಿಂದಿತ್ತ ಎಸೆಯುತ್ತ ಮಣೆ ತುಳಿದೆ. ಬಟ್ಟೆ ಒಂದು ಎಳೆಯೂ ಬೆಳೆಯಲಿಲ್ಲ. ಮಗ್ಗದ ಸದ್ದಿತ್ತು, ಪಂಖಾ ಬೀಸುತ್ತಿತ್ತು. ಅಷ್ಟಾದರೆ ಸಾಕಿತ್ತು ನನಗೆ.

ಸ್ವಲ್ಪ ಹೊತ್ತಿಗೆ ಅವ್ವ ಕಣ್ಣು ತೆರೆಯದೆಯೇ, ಸದ್ದಿನಿಂದಲೇ ಗುರುತು ಹಿಡಿದು ಹೇಳಿದಳು.

"ಹಾಸು ಸಡಲ ಐತಿ."

ಇನ್ನೇನು ಏಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಹಾಸು ಸಡಿಲ ಬಿಟ್ಟಿದ್ದಕ್ಕೆ ನಾನು ಮೀಸೆ ಬಂದ ಮೇಲೂ ಅವಳ ಕೈಯಿಂದ ಏಟು ತಿಂದವನು.

"ಬಿಗಿ ಮಾಡ್ತೇನವ್ವಾ," ಎಂದೆ.

"ಇರಲಿ," ಎಂದಳು.

ಆ ಕೋಣೆಯಲ್ಲಿ ಅವಳ ಬಾಯಿಂದ ಆ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬೈದಿದ್ದರೆ ಇನ್ನೂ ಬದುಕುತ್ತಾಳೆ ಎಂದು ನಂಬಬಹುದಿತ್ತು. ಕಣ್ಣೀರು ಸಡಿಲ ಎಳೆಗಳ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಕೈ ಬಿಟ್ಟರೆ ಸದ್ದು ನಿಲ್ಲುತ್ತದೆಂದು ಬರಿ ಲಾಳಿ ಎಸೆಯುತ್ತಲೇ ಇದ್ದೆ.