ಚಾಚಾ ಕಟ್ಟಿಕೊಟ್ಟ ಚಕ್ರ

ಕಳೆದ ಭಾನುವಾರ ಅಂಗಳದಲ್ಲಿ ಕೂತು ಸೈಕಲ್ ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದೆ. ಸಲ್ಯೂಷನ್ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಮೂಗಿಗೆ ಬಡಿದು ಚಾಚಾ ನೆನಪಾದರು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ಸೈಕಲ್ ಶಾಪ್ ಇಟ್ಟುಕೊಂಡಿದ್ದ ಮುದುಕರು. ಊರಿಗೆಲ್ಲ ಚಾಚಾ, ನನಗೂ ಚಾಚಾ. ಅವರ ಬೆಂಚು, ಅವರ ಅಂಗಿ, ಅವರು ಕೊಡುತ್ತಿದ್ದ ಟೀ ಲೋಟ... ಎಲ್ಲಕ್ಕೂ ಇದೇ ವಾಸನೆ ಇತ್ತು.

ನಾನು ಹೈಸ್ಕೂಲಿನ ಪಿಟಿ ಟೀಚರ್. ನಲವತ್ತು ದಾಟಿದ ಮೇಲೆ ರೇಸ್ ಸೈಕಲ್ ಕೊಂಡವಳು. ಬಿಡದಿ ಫ್ಯಾಕ್ಟರಿಗಳವರ ಒಂದು ಗುಂಪು ಭಾನುವಾರ ಬೆಳಿಗ್ಗೆ ಕನಕಪುರಕ್ಕೆ ಹೋಗಿಬರುತ್ತಿತ್ತು, ಅವರ ಜೊತೆ ಹೋಗುತ್ತಿದ್ದೆ. ಅವರದೆಲ್ಲ ಇಪ್ಪತ್ತಮೂರು ಮಿಲಿಮೀಟರಿನ ಸಣ್ಣ ಟೈರು, ಇಪ್ಪತ್ತೇ ಕಡ್ಡಿಯ ಚಕ್ರ. ನಾನೂ ಅದನ್ನೇ ತಗೊಂಡಿದ್ದೆ. ಆರು ತಿಂಗಳಿಗೆ ಅಂಗೈ ಜೋಮು ಹಿಡಿಯತೊಡಗಿತು. ವಿಸಿಲ್ ಹಿಡಿಯಲೂ ಬೆರಳು ಮಾತು ಕೇಳುತ್ತಿರಲಿಲ್ಲ. ಡಾಕ್ಟರು ಸೈಕಲ್ ಬಿಟ್ಟುಬಿಡಿ ಎಂದರು. ಮನೆಯಲ್ಲಿ, ಈ ವಯಸ್ಸಿಗೆ ಇದು ಬೇಕಿತ್ತಾ ಎಂದರು. ಬೇಕಿತ್ತು! ವಾರಕ್ಕೆ ಅದೊಂದು ಬೆಳಿಗ್ಗೆ ಮಾತ್ರ ನಾನು ಯಾರ ಟೀಚರೂ ಅಲ್ಲ, ಯಾರ ಅಮ್ಮನೂ ಅಲ್ಲ. ಆದರೂ ಸೋತು, ಯಾರಾದರೂ ಗಿರಾಕಿ ನೋಡಿ ಎಂದು ಸೈಕಲ್ಲನ್ನು ಚಾಚಾ ಹತ್ತಿರ ತಳ್ಳಿಕೊಂಡು ಹೋದೆ.

ಅವರು ಟೈರನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿದರು.

"ಯಾರು ಹೊಡ್ದಿದ್ದು ಈ ಗಾಳಿ?"

"ನಾನೇ. ಕಲ್ಲಾಗಿದೆ ಅಲ್ವಾ ಚಾಚಾ?" ಅಂದೆ, ಜಂಭದಿಂದಲೇ.

ನಮ್ಮ ಕಡೆ ಗಾಳಿ ಹಾಕಿಸಿದವರು ಟೈರು ಒತ್ತಿ "ಕಲ್ಲಾಗೈತೆ" ಅಂದರೇನೇ ಸಮಾಧಾನ. ಸೈಕಲ್ ಮೇಲೆ ರೇಷ್ಮೆಗೂಡಿನ ಮೂಟೆ ಹೇರುತ್ತಿದ್ದ ಕಾಲದ ಅಭ್ಯಾಸವಂತೆ ಅದು. ಮೂಟೆ ಹೋದರೂ ಕಲ್ಲು ಹೋಗಿರಲಿಲ್ಲ.

"ಟೀಚರಮ್ಮ, ನೀವೇನು ಗೂಡಿನ ಮೂಟೆನಾ?" ಅಂದರು ಚಾಚಾ. "ಟೈರು ಕಲ್ಲು, ರೋಡೂ ಕಲ್ಲು. ಮಧ್ಯದಾಗೆ ನಿಮ್ ಕೈ ಐತೆ. ಮಾರೋದು ಆಮೇಲೆ. ಒಂದ್ ವಾರ ಇಲ್ಲೇ ಬುಟ್ಟೋಗಿ."

ಆ ವಾರ ಅವರು ಮೂವತ್ತೆರಡು ಕಡ್ಡಿಯ ಎರಡು ಚಕ್ರ ಕಟ್ಟಿದರು. ಒಂದು ಕಡ್ಡಿ ಮುರಿದರೂ ಮನೆ ಸೇರುತ್ತೀರಿ ಎಂದರು. ಮೂವತ್ತೆರಡು ಮಿಲಿಮೀಟರಿನ ಟೈರು ಹಾಕಿ ನೋಡಿದರೆ ಚಕ್ರ ಹಿಡಿಯುವ ಫೋರ್ಕಿಗೆ ಉಜ್ಜುತ್ತಿತ್ತು. ಇಪ್ಪತ್ತೆಂಟರದು ಹಾಕಿ, ಎರಡೂ ಪಕ್ಕ ಬೆರಳು ತೂರಿಸಿ ನೋಡಿ ತಲೆಯಾಡಿಸಿದರು. ಆಮೇಲೆ ಗಾಳಿ. "ಒತ್ತುದ್ರೆ ಒಸಿ ಬಗ್ಗಬೇಕು. ಮುಂದ್ಗಡೆ ಇನ್ನೂ ಒಸಿ ಮೆತ್ಗಿರ್ಬೇಕು."

ಶನಿವಾರ ಮನೆಗೆ ತಂದು ಒತ್ತಿ ನೋಡಿದೆ. ಬಗ್ಗಿತು. ಇದು ಪಂಕ್ಚರ್ ಆದ ಹಾಗಲ್ಲವೇ? ನಾಳೆ ಎಲ್ಲರೆದುರು ಮಾನ ಹೋಗುತ್ತದೆ ಎಂದು ಪಂಪು ತಂದು ಹೊಡೆದೆ... ಕಲ್ಲಾಗುವ ತನಕ!

ಬೆಳಿಗ್ಗೆ ಗುಂಪಿನ ಲೀಡರ್ ನನ್ನ ಚಕ್ರ ನೋಡಿ ನಕ್ಕ. "ಏನ್ ಮೇಡಂ, ಹಾಲಿನವನ ಸೈಕಲ್ ತಂದ್ರಾ? ಸರಿ, ಹಿಂದುಗಡೆ ಬನ್ನಿ." ಮೈಯೆಲ್ಲ ಉರಿಯಿತು. ಕನಕಪುರ ಮುಟ್ಟುವಷ್ಟರಲ್ಲಿ ಕೈ ಮತ್ತೆ ಜೋಮು. ವಾಪಸ್ ಹೊರಟಾಗ ಒಂದು ತಿರುವಿನಲ್ಲಿ ಬ್ರೇಕ್ ಹಿಡಿದೆನೋ ಇಲ್ಲವೋ ಬೆರಳಿಗೇ ಗೊತ್ತಾಗದೆ ಚರಂಡಿ ಅಂಚಿಗೆ ಹೋಗಿ ನಿಂತೆ. ಮುಂದೆ ಹೋಗುತ್ತಿದ್ದವರೆಲ್ಲ ನಿಂತರು. ನಾನು ಚಾಚಾಗೆ ಫೋನ್ ಮಾಡಿ, "ನಿಮ್ಮ ಟೈರೂ ಅಷ್ಟೇ, ಮಾರಿಬಿಡಿ" ಎಂದು ರೇಗಿದೆ.

ಚಾಚಾ ಕೇಳಿದ್ದು ಒಂದೇ. "ಗಾಳಿ ಹೊಡುದ್ರಾ?"

"ಹೂಂ, ಕಲ್ಲಾಗೋ ತನಕ," ಎಂದೆ.

"ಬುಡಿ ಮತ್ತೆ. ನಾನು ಎಷ್ಟು ಇಟ್ಟಿದ್ನೋ ಅಷ್ಟಕ್ಕೆ ಬುಡಿ."

ಎಲ್ಲರೆದುರೇ ಕುಕ್ಕರಗಾಲಲ್ಲಿ ಕೂತು ಗಾಳಿ ಬಿಟ್ಟೆ. "ಮೇಡಂ, ಸ್ಪೀಡ್ ಹೋಗುತ್ತೆ!" ಎಂದ ಲೀಡರ್.

"ಹೋಗ್ಲಿ ಬಿಡ್ರೀ. ಕೈ ಉಳಿಯುತ್ತಲ್ಲ," ಅಂದೆ.

ಮುಂದೆ ಜಲ್ಲಿ ಕಿತ್ತುಹೋದ ರಸ್ತೆಯಲ್ಲಿ ಅವರೆಲ್ಲ ಬ್ರೇಕ್ ಒತ್ತಿ ಒತ್ತಿ ಹೋದರು. ನಾನು ನೆಟ್ಟಗೆ ಹೋದೆ. ಮೊದಲು ಬಂದೆ ಎಂದರೆ ಸುಳ್ಳು, ಆದರೆ ಕೊನೆಯವಳೂ ಆಗಲಿಲ್ಲ. ಮನೆಗೆ ಬಂದು ಶೂ ಲೇಸ್ ಬಿಚ್ಚಿದೆ. ಬೆರಳಿಗೆ ಲೇಸು ತಡವರಿಸದೆ ಸಿಕ್ಕಿತು, ಜೋಮಿರಲಿಲ್ಲ. ಹೊಸ್ತಿಲ ಮೇಲೇ ಕೂತು ಅತ್ತುಬಿಟ್ಟೆ. ಆ ಸೈಕಲ್ ಮಾರುವ ಮಾತು ಮತ್ತೆ ಎತ್ತಲಿಲ್ಲ.

ಚಾಚಾ ಹೋದ ವರ್ಷ ತೀರಿಕೊಂಡರು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಈಚೆಗೆ ನನ್ನ ಹಿಂದಿನ ಚಕ್ರ ಕಡ್ಡಿ ಸಡಿಲಾಗಿ ಅಲ್ಲಾಡುತ್ತಿದೆ. ಹೈವೇ ಪಕ್ಕದ ದೊಡ್ಡ ಶೋರೂಮಿನವರು, "ಈಗ ಕಡ್ಡಿ ಯಾರು ಬಿಗಿ ಮಾಡ್ತಾರೆ ಮೇಡಂ, ವೀಲ್ ಎಸೆದು ಹೊಸದು ಹಾಕ್ಸಿ" ಎಂದರು. ಎಸೆಯುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ.

ಎಷ್ಟು ವರ್ಷ ಅವರ ಬೆಂಚಿನ ಮೇಲೆ ಕೂತು ಟೀ ಕುಡಿದೆ... ಕಡ್ಡಿ ಹೇಗೆ ಬಿಗಿಯುತ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಕಲಿಸುತ್ತಿದ್ದರು. ಕಡ್ಡಿ ತಿರುಗಿಸುವ ಕೀ ತಂದು ನಿನ್ನೆ ಶುರು ಮಾಡಿದೆ, ಚಕ್ರ ಇನ್ನೂ ಸೊಟ್ಟಗಾಯಿತು. ಚಾಚಾ ಇದ್ದಿದ್ದರೆ ಕೀ ಕಿತ್ತುಕೊಂಡು ಬೈಯುತ್ತಿದ್ದರು. ಈಗ ಬೈಯುವವರೂ ಇಲ್ಲ, ಸರಿಮಾಡುವವರೂ ಇಲ್ಲ. ಇವತ್ತು ಮತ್ತೆ ಕೂತಿದ್ದೇನೆ. ಇನ್ನೂ ಸೊಟ್ಟಗಿದೆ. ಆದರೆ ಅವರು ಕಟ್ಟಿದ ಒಂದು ಕಡ್ಡಿಯನ್ನೂ ಬಿಚ್ಚಿ ಎಸೆಯುವವಳಲ್ಲ ನಾನು.