ಫ್ಲಾಪಿಯೊಳಗಿನ ಬೀಸುಕಲ್ಲಿನ ಪದ

ಅಕ್ಕನ ಜಾನಪದದ ಪ್ರಬಂಧವನ್ನು ನಾನು ಉಳಿಸಿದೆ ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. "ಕಂಪ್ಯೂಟರ್ ಜೋಡಿ ವಾದಾ ಮಾಡಿ ಗೆದ್ದಾಕಿ" ಎನ್ನುವುದು ಅವ್ವನ ಮಾತು. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದವಳಾಗಿ ಹೇಳುತ್ತೇನೆ, ಇದಕ್ಕೆ ಆಧಾರವಿಲ್ಲ. ಹಳೇ ಹುಬ್ಬಳ್ಳಿಯ ಒಬ್ಬ ಅಜ್ಜಿ ಹಾಡಿದ ಬೀಸುಕಲ್ಲಿನ ಪದಗಳನ್ನು ಅಕ್ಕ ಕ್ಯಾಸೆಟ್ಟಿನಲ್ಲಿ ತಂದಿದ್ದಳು. ಅದರ ಮೇಲೆ ನನ್ನ ಭಾಷಣ ರೆಕಾರ್ಡ್ ಮಾಡಿಕೊಂಡವಳು ನಾನೇ. ಹಾಗಾಗಿ ಪದಗಳು ಉಳಿದದ್ದು ಅಕ್ಕ ಟೈಪು ಮಾಡಿಟ್ಟ ಫ್ಲಾಪಿಯಲ್ಲಿ ಮಾತ್ರ. ಪ್ರಬಂಧ ಒಪ್ಪಿಸಲು ಮೂರು ದಿನವಿದ್ದಾಗ ಆ ಫ್ಲಾಪಿಯೂ ತೆರೆಯಲಿಲ್ಲ. ಅಜ್ಜಿಯೋ, ಒಮ್ಮೆ ಹಾಡಿದ್ದನ್ನು ಇನ್ನೊಮ್ಮೆ ಹಾಗೇ ಹಾಡುವವಳಲ್ಲ.

ಅಕ್ಕನೂ ನಾನೂ ಓಡಿಹೋದಾಗ, ವಿದ್ಯಾನಗರದ ಡಿಟಿಪಿ ಅಂಗಡಿಯ ಕಾಕಾ ಫ್ಲಾಪಿ ಹಾಕಿ ತೆಗೆದು, "ಮುಗೀತವಾ ಇದು. ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡು ಅಂತೈತಿ ಮಷೀನು" ಎಂದರು.

"ಮಷೀನು ಹೇಳಿದ್ದೆಲ್ಲಾ ಖರೇ ಏನ್ರಿ ಕಾಕಾ?" ಎಂದೆ ನಾನು.

ಫೈಲಿನ ಹೆಸರನ್ನೇ ಕೇಳದೆ, ಫ್ಲಾಪಿಯ ಯಾವ ಮಗ್ಗುಲು, ಎಷ್ಟನೆಯ ಸುತ್ತು, ಎಷ್ಟನೆಯ ತುಣುಕು ಎಂದಷ್ಟೇ ಹೇಳಿ ನೇರವಾಗಿ ಓದಿಸಬಹುದೆಂದು ಕಾಲೇಜಿನಲ್ಲಿ ಕಲಿತಿದ್ದೆ. ಆ ತುಣುಕಿಗೆ ಸೆಕ್ಟರ್ ಎನ್ನುತ್ತಾರೆ. ಕಾಕಾನ ಮಷೀನಿನಲ್ಲೇ ಕೂತು ಸಿ ಭಾಷೆಯಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದೆ. ಡ್ರೈವು ಕರ್ ಕರ್ ಎಂದು ಜೋಳ ಬೀಸಿದಂತೆ ಸದ್ದು ಮಾಡಿತು, ಪರದೆ ತುಂಬಿತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಆ ಕಪ್ಪು ಪರದೆಗೆ ಕನ್ನಡದ ಫಾಂಟು ಗೊತ್ತಿಲ್ಲ. ಬಂದದ್ದೆಲ್ಲ ಗೆರೆ, ಚೌಕ, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರ. ಸಾಲದ್ದಕ್ಕೆ, ತಮ್ಮ ಅಂಗಡಿಯ ಆ ಹಳೇ ಫ್ಲಾಪಿಯನ್ನು ಅಕ್ಕನಿಗೆ ಕೊಡುವ ಮುನ್ನ ಕಾಕಾ ಅಳಿಸಿದ್ದ ಮದುವೆ ಕಾರ್ಡುಗಳೂ ಎದ್ದು ಬಂದಿದ್ದವು. ಹಾಡು ಯಾವುದು, ಮದುವೆ ಯಾವುದು?

ಅಕ್ಕ ಪರದೆಗೆ ಮೂಗು ಹಚ್ಚಿ ನಿಂತಳು. "ತಡಿ. ಈ ಚೌಕ, ಚೌಕ, ಗೆರಿ ನೋಡು. ಎರಡ್ ಸಾಲಿಗೊಮ್ಮೆ ಬರಾಕತ್ತೈತಿ. ಪಲ್ಲವಿ ಇದು." ಮೇಜು ಬಡಿಯುತ್ತ ಹಾಡಿಯೇಬಿಟ್ಟಳು. ಚೌಕಗಳಿಗೆ ತಾಳ ಸರಿಹೊಂದಿತು.

"ಮದುವಿ ಕಾರ್ಡಿನ್ಯಾಗೂ ಚಿರಂಜೀವಿ ಮ್ಯಾಲಿಂದ ಮ್ಯಾಲೆ ಬರ್ತೈತವಾ, ಹುಷಾರು" ಎಂದರು ಕಾಕಾ.

ಯಾವ ತುಣುಕಿನ ನಂತರ ಯಾವುದು ಎಂಬ ಪಟ್ಟಿ ಫ್ಲಾಪಿಯಲ್ಲಿ ಇದ್ದ ಜಾಗವೇ ಕೆಟ್ಟಿತ್ತು. ಅಕ್ಕ ಗುರುತಿಸಿದ ತುಣುಕುಗಳನ್ನು ಕನ್ನಡ ಫಾಂಟಿಗೆ ತಂದು, ಮುದ್ರಿಸಿ, ಅಂಗಡಿಯ ನೆಲದ ಮೇಲೆ ಹರಡಿಕೊಂಡೆವು. ತವರನ್ನು ನೆನೆದು ಅತ್ತ ಸೊಸೆಯ ಪದ 'ಉಡುಗೊರೆ ಸ್ವೀಕರಿಸಲಾಗುವುದಿಲ್ಲ' ಎಂದು ಮುಗಿದಾಗ ಕಾಕಾ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ತುಣುಕುಗಳನ್ನು ಜೋಡಿಸಿದವಳು ಅಕ್ಕ. ನಾನು ಹೆಕ್ಕಿ ಕೊಟ್ಟೆ, ಅಷ್ಟೇ.

ಒಂದು ಸೆಕ್ಟರ್ ಮಾತ್ರ ಐವತ್ತು ಸಲ ಓದಿಸಿದರೂ ಬರಲಿಲ್ಲ. ಒಂದು ಪದದ ನಡುವೆ ಇಡೀ ಒಂದು ನುಡಿ, ಒಂದು ಚರಣವೇ, ಖಾಲಿ. "ಬಿಡು, ಅದನ್ನ ನಾ ನೋಡ್ಕೋತೇನಿ" ಎಂದಳು ಅಕ್ಕ.

ಒಪ್ಪಿಸಿದ ಪ್ರಬಂಧದಲ್ಲಿ ಖಾಲಿ ಜಾಗವಿರಲಿಲ್ಲ. ಅವಳ ಮಾರ್ಗದರ್ಶಕರು ಅದೊಂದೇ ನುಡಿಯ ಪಕ್ಕ ಗೆರೆ ಎಳೆದು, 'ಇಂಥದ್ದನ್ನು ಓದುಬರಹ ಕಲಿತವರು ಕಟ್ಟಲಾರರು' ಎಂದು ಬರೆದಿದ್ದರು.

ಅಕ್ಕಾ, ಇಷ್ಟು ವರ್ಷ ಆತು, ಈಗರ ಹೇಳು. ಆ ನುಡಿ ಅಜ್ಜಿದೋ, ನಿಂದೋ?